ಗುಜರಿಯಿಂದ ತಂದ ವಸ್ತುಗಳಿಗೆ ಚಿನ್ನ-ಬೆಳ್ಳಿಯ ಬಣ್ಣ: ನಾನು ಎಲ್ಲಿ ತಪ್ಪಿದೆ?

ಪ್ರಶ್ನೆ: ಬಾಡಿಗೆಮನೆ

ಕಳೆದ ತಿಂಗಳು ನಾವು ಮನೆ ಬದಲಿಸಿದೆವು. ನಡುಮನೆಯ ಗೋಡೆಗಳು ತೀರಾ ಬೋಳಾಗಿ ಕಂಡದ್ದರಿಂದ ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಎರಡು ಭಾನುವಾರ ಅಲೆದು, ಚೌಕಾಸಿ ಮಾಡಿ, ನಾಲ್ಕು ಹಳೆಯ ವಸ್ತುಗಳನ್ನು ಒಟ್ಟು 1,850 ರೂಪಾಯಿಗೆ ಕೊಂಡು ತಂದೆ. ಮೊದಲನೆಯದು ಬಳ್ಳಿ ಮತ್ತು ಹೂವಿನ ಉಬ್ಬು ಕೆಲಸವಿರುವ ಚೌಕಟ್ಟಿನ ಕನ್ನಡಿ. ಅದರ ಮೇಲೆ ಕಂದು ಬಣ್ಣ ಎಷ್ಟು ದಪ್ಪವಾಗಿ ಕೂತಿತ್ತೆಂದರೆ ಒಳಗಿರುವುದು ಮರವೋ ಗಾರೆಯೋ ಹೇಳಲಾಗುತ್ತಿರಲಿಲ್ಲ. ಎರಡನೆಯದು ಅಲ್ಲಲ್ಲಿ ತುಕ್ಕು ಹಿಡಿದ, ಆಳೆತ್ತರದ ಕಬ್ಬಿಣದ ದೀಪದ ಕಂಬ. ಮೂರನೆಯದು ಸೂರ್ಯನ ಕಿರಣಗಳಂತೆ ಸುತ್ತಲೂ ಕಡ್ಡಿಗಳಿರುವ ಪ್ಲಾಸ್ಟಿಕ್ ಗೋಡೆ ಗಡಿಯಾರ. ಕೊನೆಯದು ಗೇಣುದ್ದದ ಕಪ್ಪು ಹೂದಾನಿ. ಮೈಮೇಲೆ ಮಾಸಿದ ಬೂದು ಬಣ್ಣದ ಹೂಬಳ್ಳಿಯಿದೆ, ಗಾತ್ರಕ್ಕೆ ಮೀರಿದ ತೂಕವಿದೆ.

ಇವೆಲ್ಲವನ್ನೂ ಲೋಹದ ಹೊಳಪಿನ ಬಣ್ಣದಿಂದ ಹೊಸದಾಗಿಸಬೇಕೆಂಬ ಆಸೆಯಿಂದ ಕೆಲಸಕ್ಕೆ ಕೂತೆ. ಕನ್ನಡಿಯ ಚೌಕಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿ ಚಿನ್ನದ ಬಣ್ಣದ ಸ್ಪ್ರೇ ಹೊಡೆದೆ. ಬಣ್ಣ ಚೆನ್ನಾಗಿಯೇ ಕೂತಿತು, ಆದರೆ ಗೋಡೆಗೆ ತೂಗುಹಾಕಿದಾಗ ಅದು ಮದುವೆ ಮಂಟಪದ ಥರ್ಮಾಕೋಲ್ ಕಂಬದ ತುಂಡಿನಂತೆ ಕಂಡಿತು. ಉಬ್ಬಿದ ಹೂವೂ ತಗ್ಗಿದ ಎಲೆಯೂ ಒಂದೇ ಸಮನೆ ಹಳದಿ. ದೀಪದ ಕಂಬಕ್ಕೆ ಬ್ರಷ್ಷಿನಿಂದ ಬೆಳ್ಳಿ ಬಣ್ಣ ಬಳಿದೆ. ಅದು ಮೊದಲ ದಿನ ನಿಜಕ್ಕೂ ಸುಂದರವಾಗಿತ್ತು. ಬಹುಕಾಲ ಬಾಳಲಿ ಎಂದು ಮರುದಿನ ಅದರ ಮೇಲೆ ವಾರ್ನಿಶ್ ಬಳಿದೆ. ಬಳಿಯುತ್ತಿದ್ದ ಹಾಗೆಯೇ ಹೊಳಪೆಲ್ಲ ಸತ್ತು, ಒಲೆಯ ಬೂದಿಯ ಬಣ್ಣಕ್ಕೆ ತಿರುಗಿತು. ಗಡಿಯಾರದ ಬಣ್ಣ ಉಗುರು ತಾಗಿದರೆ ಸಿಪ್ಪೆಯಂತೆ ಏಳುತ್ತಿದೆ. ಹೂದಾನಿಗೆ ಇನ್ನೂ ಕೈ ಹಚ್ಚಿಲ್ಲ; ಅದಕ್ಕೂ ಚಿನ್ನದ ಬಣ್ಣವನ್ನೇ ಹೊಡೆಯುವ ಯೋಚನೆಯಿದೆ.

ಬೆಳ್ಳಿ ಬಣ್ಣ ಸತ್ತದ್ದೇಕೆ, ಚಿನ್ನದ ಬಣ್ಣ ಅಗ್ಗವಾಗಿ ಕಾಣುವುದೇಕೆ, ಈಗ ಇವನ್ನು ಸರಿಪಡಿಸುವ ದಾರಿಯಿದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಗೇಟುಗ್ರಿಲ್ಲು

ದಾವಣಗೆರೆಯಲ್ಲಿ ಕಬ್ಬಿಣದ ಗೇಟು, ಕಿಟಕಿ, ಮಂಚಗಳಿಗೆ ಬಣ್ಣ ಹೊಡೆಯುವ ಕೆಲಸವನ್ನು ಇಪ್ಪತ್ತು ವರ್ಷಗಳಿಂದ ಮಾಡುತ್ತಿದ್ದೇನೆ. ತಮ್ಮ ದೀಪದ ಕಂಬಕ್ಕೆ ಆದದ್ದು ನನಗೂ ಮೊದಲ ವರ್ಷದಲ್ಲಿ ಒಂದು ಇಡೀ ಗೇಟಿನ ಮೇಲೆ ಆಗಿತ್ತು, ಆದ್ದರಿಂದ ಅದರಿಂದಲೇ ಆರಂಭಿಸುತ್ತೇನೆ.

ಅಂಗಡಿಯಲ್ಲಿ ಬೆಳ್ಳಿ ಬಣ್ಣವೆಂದು ಕೊಡುವುದರಲ್ಲಿ ಬೆಳ್ಳಿ ಇರುವುದಿಲ್ಲ. ಅದರಲ್ಲಿರುವುದು ಅಲ್ಯೂಮಿನಿಯಂನ ಅತಿ ತೆಳುವಾದ ಚಕ್ಕೆಗಳು. ಬ್ರಷ್ಷಿನಿಂದ ಬಳಿಯುವ ಹಳೆಯ ಮಾದರಿಯ ಅಲ್ಯೂಮಿನಿಯಂ ಬಣ್ಣದಲ್ಲಿ ಈ ಚಕ್ಕೆಗಳಿಗೆ ಸ್ಟಿಯರಿಕ್ ಆಮ್ಲದ ಲೇಪ ಕೊಟ್ಟಿರುತ್ತಾರೆ. ಆ ಲೇಪದಿಂದಾಗಿ ಚಕ್ಕೆಗಳು ಬಣ್ಣದ ಎಣ್ಣೆಯಲ್ಲಿ ಮುಳುಗದೆ, ಕಾಯಿಸಿ ಇಳಿಸಿದ ಹಾಲಿನ ಮೇಲೆ ಕೆನೆ ಕಟ್ಟುವಂತೆ, ಮೇಲಕ್ಕೆ ತೇಲಿ ಬಂದು ಒಂದರ ಪಕ್ಕದಲ್ಲಿ ಒಂದು ಮಲಗುತ್ತವೆ. ಮೊದಲ ದಿನ ತಾವು ಕಂಡ ಹೊಳಪು ಆ ಕೆನೆಯದು. ಮೇಲಿನಿಂದ ವಾರ್ನಿಶ್ ಬಳಿದಾಗ ಅದರ ದ್ರಾವಕ ಕೆನೆಯನ್ನು ನೆನೆಸಿತು, ಬ್ರಷ್ಷು ಅದನ್ನು ಕಲಕಿತು, ಮಲಗಿದ್ದ ಚಕ್ಕೆಗಳು ಅಡ್ಡಾದಿಡ್ಡಿಯಾಗಿ ನಿಂತು ಬೆಳಕನ್ನು ಎತ್ತೆತ್ತಲೋ ಚದುರಿಸಿದವು. ಕಣ್ಣಿಗೆ ಅದೇ ಬೂದಿಯಾಗಿ ಕಾಣುತ್ತದೆ. ಈ ಬಗೆಯ ಬಣ್ಣವನ್ನು ಯಾವಾಗಲೂ ಕೊನೆಯ ಲೇಪವಾಗಿಯೇ ಬಿಡಬೇಕು, ಅದರ ಮೇಲೆ ಏನನ್ನೂ ಬಳಿಯಬಾರದು. ಮೇಲೆ ರಕ್ಷಣೆ ಬೇಕೇ ಬೇಕು ಎನ್ನುವವರು ಚಕ್ಕೆಗಳು ತೇಲದೆ ಬಣ್ಣದೊಳಗೇ ಉಳಿಯುವ ಇನ್ನೊಂದು ಬಗೆಯನ್ನು ಕೊಳ್ಳಬೇಕು. ಕಾರು, ಸ್ಕೂಟರುಗಳ ಬೆಳ್ಳಿ ಬಣ್ಣ ಆ ಜಾತಿಯದು. ಅದರ ಹೊಳಪು ಸ್ವಲ್ಪ ಕಡಿಮೆ, ಆದರೆ ಮೇಲೆ ಪಾರದರ್ಶಕ ಲೇಪ ತಾಳುತ್ತದೆ.

ಈಗ ಮಾಡಬೇಕಾದ ಕೆಲಸ ಹೀಗಿದೆ. ಕಂಬದ ವೈರು, ಹೋಲ್ಡರುಗಳನ್ನು ಪೂರ್ತಿ ಬಿಚ್ಚಿ ತೆಗೆಯಿರಿ. ಲೋಹದ ಚಕ್ಕೆಗಳಿರುವ ಬಣ್ಣ ಹೋಲ್ಡರಿನೊಳಗೆ ಒಂದು ಹನಿಯೂ ಹೋಗಕೂಡದು. ವಾರ್ನಿಶ್ಶು, ಬೆಳ್ಳಿ, ತುಕ್ಕು ಮೂರನ್ನೂ 120ನೇ ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಆಮೇಲೆ 220 ಮತ್ತು 400ನೇ ನಂಬರಿನಿಂದ ನಯಗೊಳಿಸಿ. ಹೊಳಪಿನ ಬಣ್ಣಕ್ಕೆ ಈ ನಯವೇ ಜೀವಾಳ. ಸಾಮಾನ್ಯ ಬಣ್ಣ ಕೆಳಗಿನ ಗೀರನ್ನು ಮುಚ್ಚುತ್ತದೆ, ಲೋಹದ ಬಣ್ಣ ಅದನ್ನೇ ಎತ್ತಿ ತೋರಿಸುತ್ತದೆ. ಅನಂತರ ರೆಡ್ ಆಕ್ಸೈಡ್ ಪ್ರೈಮರ್ ಬಳಿದು ಒಂದು ರಾತ್ರಿ ಬಿಡಿ, ಅದರ ಮೇಲೆ ಕಪ್ಪು ಅಥವಾ ಕಡು ಬೂದು ಎನಾಮಲ್ ಬಳಿದು ಪೂರ್ತಿ ಒಣಗಿಸಿ, ಕೊನೆಗೆ ಬೆಳ್ಳಿ. ಬೆಳ್ಳಿ ಬಳಿಯುವಾಗ ಬ್ರಷ್ಷು ಒಂದೇ ದಿಕ್ಕಿನಲ್ಲಿ ಹೋಗಲಿ, ಅರೆ ಒಣಗಿದ ಜಾಗಕ್ಕೆ ಮತ್ತೆ ಮರಳದಿರಲಿ.

ಉಜ್ಜುವ ಮುನ್ನ ಒಂದು ಎಚ್ಚರಿಕೆಯ ಮಾತು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ 2016ರಲ್ಲಿ ಬಂದು, 2017ರ ನವೆಂಬರ್ 1ರಿಂದ ಜಾರಿಯಾಯಿತು. ಗುಜರಿಯ ವಸ್ತುಗಳ ಮೈಮೇಲಿನ ಬಣ್ಣ ಬಹುಪಾಲು ಅದಕ್ಕಿಂತ ಹಿಂದಿನದು. ಆದ್ದರಿಂದ ಒಣ ಪುಡಿ ಹಾರದಂತೆ ನೀರು ಚಿಮುಕಿಸಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ, ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಮನೆಯಲ್ಲಿ ಅಂಬೆಗಾಲಿಡುವ ಮಕ್ಕಳಿದ್ದರೆ ಈ ಕೆಲಸ ಮಹಡಿಯ ಮೇಲೆಯೇ ಆಗಲಿ.

ಗಡಿಯಾರದ ಹಿಂಬದಿಯಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿ ಇದೆಯೇ ನೋಡಿ. ಇದ್ದರೆ ಅದು ಪಾಲಿಪ್ರೊಪಿಲೀನ್. ಕೆಸುವಿನ ಎಲೆಯ ಮೇಲೆ ನೀರು ಹೇಗೋ ಅದರ ಮೇಲೆ ಬಣ್ಣ ಹಾಗೆ. ಬೇರೆ ಪ್ಲಾಸ್ಟಿಕ್ ಆದರೆ ಪಾತ್ರೆ ತೊಳೆಯುವ ಸೋಪಿನಿಂದ ಜಿಡ್ಡು ತೊಳೆದು, 400ನೇ ನಂಬರಿನಿಂದ ಹಗುರವಾಗಿ ಉಜ್ಜಿ, ಪ್ಲಾಸ್ಟಿಕ್ಕಿಗೆಂದೇ ದೊರೆಯುವ ಪ್ರೈಮರ್ ಹೊಡೆದು ಅನಂತರ ಬಣ್ಣ ಹಚ್ಚಬಹುದು.

ಉತ್ತರ: ಕೋಟೆಯ ಮಣ್ಣು

ಬೀದರಿನವಳಾದ್ದರಿಂದ ನನ್ನ ಕಣ್ಣು ತಮ್ಮ ಹೂದಾನಿಯ ವಾಕ್ಯದ ಮೇಲೆಯೇ ನಿಂತಿತು. ಕಪ್ಪು ಮೈ, ಬೂದು ಬಣ್ಣಕ್ಕೆ ತಿರುಗಿದ ಹೂಬಳ್ಳಿ, ಗಾತ್ರಕ್ಕೆ ಮೀರಿದ ತೂಕ: ಈ ಮೂರೂ ಒಟ್ಟಿಗೆ ಇದ್ದಲ್ಲಿ ಸ್ಪ್ರೇ ಡಬ್ಬಿಯನ್ನು ದಯವಿಟ್ಟು ಕೆಳಗಿಡಿ. ಅದು ಬಿದರಿ ಕೆಲಸವಾಗಿರುವ ಸಾಧ್ಯತೆಯಿದೆ.

ಬಿದರಿಯ ಪಾತ್ರೆ ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ ಸೇರಿದ ಮಿಶ್ರಲೋಹದ್ದು. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ನಯಗೊಳಿಸಿ, ಚಾಣದಿಂದ ಚಿತ್ತಾರ ಕೊರೆದು, ಆ ಗೀರುಗಳೊಳಗೆ ಬೆಳ್ಳಿಯ ತಂತಿ ಅಥವಾ ತಗಡನ್ನು ಕೂರಿಸಿ ಬಡಿಯುತ್ತಾರೆ. ಕೊನೆಯಲ್ಲಿ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ (ಅಮೋನಿಯಂ ಕ್ಲೋರೈಡ್ ಎಂಬ ಲವಣ) ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜಿದಾಗ ಸತುವಿನ ಮೈ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಹಾಗಾಗಿ ಬಿದರಿಯ ಕಪ್ಪು ಮೇಲಿನಿಂದ ಬಳಿದದ್ದಲ್ಲ, ಲೋಹದ ಮೈಯೇ ಕಪ್ಪಾದದ್ದು. ಗಾಳಿಗೆ ವರ್ಷಗಟ್ಟಲೆ ಒಡ್ಡಿಕೊಂಡ ಬೆಳ್ಳಿ ಮಂಕಾಗಿ, ತಾವು ಹೇಳುವ ಬೂದು ಬಣ್ಣಕ್ಕೆ ಬರುತ್ತದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ.

ಪರೀಕ್ಷೆ ಕಷ್ಟವೇನಲ್ಲ. ಅಯಸ್ಕಾಂತ ಹಿಡಿಯಿರಿ, ಬಿದರಿಗೆ ಅದು ಅಂಟುವುದಿಲ್ಲ. ಕಣ್ಣು ಮುಚ್ಚಿ ಬೆರಳಾಡಿಸಿ. ಹೂಬಳ್ಳಿ ಮೈಗೆ ಸಮನಾಗಿ ಕೂತಿದ್ದರೆ ಅದು ಕೂರಿಸಿದ ಬೆಳ್ಳಿ, ಉಬ್ಬಿದ್ದರೆ ಬಳಿದ ಬಣ್ಣವಿರಬಹುದು. ಹತ್ತಿಗೆ ಸ್ಪಿರಿಟ್ ಅದ್ದಿ ತಳದಲ್ಲಿ ಒರೆಸಿ. ಕಪ್ಪು ಹತ್ತಿಗೆ ಬಂದರೆ ಅದು ಬಣ್ಣ ಬಳಿದ ನಕಲು, ಆಗ ತಾವು ಮನಸ್ಸಿಗೆ ಬಂದ ಬಣ್ಣ ಹೊಡೆಯಬಹುದು. ಕಪ್ಪು ಬಿಡದಿದ್ದರೆ ಮೆತ್ತನೆಯ ಹತ್ತಿ ಬಟ್ಟೆಯಿಂದ ತಾಳ್ಮೆಯಾಗಿ ಒರೆಸಿ, ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಿ. ಹುಣಸೆಹಣ್ಣು, ನಿಂಬೆ, ಹಿತ್ತಾಳೆಯ ಪಾಲಿಶ್ ಯಾವುದೂ ಬೇಡ. ದೇವರ ಮನೆಯ ದೀಪಕ್ಕೆ ಒಗ್ಗುವ ಹುಳಿ ಬಿದರಿಯ ಕಪ್ಪನ್ನು ತಿಂದುಹಾಕುತ್ತದೆ.

ಇಂಥ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ ಎಂದು ಒಪ್ಪಿಕೊಳ್ಳುತ್ತೇನೆ. ಹಳೆಯ ಹಿತ್ತಾಳೆಯ ಮೇಲೆ ಚಿನ್ನದ ಸ್ಪ್ರೇ ಹೊಡೆದ ದೀಪಗಳನ್ನು ಕಂಡಾಗಲೆಲ್ಲ ನನಗೆ ಹಲಸಿನ ಹಣ್ಣಿಗೆ ಬೆಲ್ಲ ಸವರಿದ್ದನ್ನು ಕಂಡಂತಾಗುತ್ತದೆ.

ಉತ್ತರ: ಮಂಗಳೂರು ಮಳೆ

ಹಿಂದಿನವರು ಹವೆಯ ಸಂಗತಿಯನ್ನು ಹೇಳಲಿಲ್ಲ. ಮಳೆ ಹಿಡಿದ ದಿನ ಸ್ಪ್ರೇ ಹೊಡೆದರೆ ದ್ರಾವಕ ಆರುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು, ಹಾಲು ಚೆಲ್ಲಿದಂತೆ ಬಿಳಿ ಮಬ್ಬು ಹಿಡಿಯುತ್ತದೆ. ನಮ್ಮ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸವನ್ನೇ ನಾನು ಮುಟ್ಟುವುದಿಲ್ಲ. ಬೆಂಗಳೂರಿನಲ್ಲಾದರೆ ಬಿಸಿಲು ಬಿದ್ದ ದಿನ ಬೆಳಗಿನ ಹತ್ತು ಗಂಟೆಯ ನಂತರ, ನೆರಳಿನಲ್ಲಿ ಮಾಡಿ. ಕಿಟಕಿ ತೆರೆದಿರಲಿ, ಪಕ್ಕದ ಕೋಣೆಯಲ್ಲಿ ಗ್ಯಾಸ್ ಒಲೆಯಾಗಲಿ ದೇವರ ದೀಪವಾಗಲಿ ಉರಿಯುತ್ತಿರಬಾರದು.

ಉತ್ತರ: ಸಫೇದ

ಮೈಸೂರಿನಲ್ಲಿ ಸಾಂಪ್ರದಾಯಿಕ ಚಿತ್ರಕಲೆಯನ್ನು ಕಲಿಯುತ್ತಿರುವ ನನಗೆ ತಮ್ಮ ಕನ್ನಡಿಯ ತೊಂದರೆ ಬಹಳ ಪರಿಚಿತವೆನಿಸಿತು. ಚಿನ್ನ ಅಗ್ಗವಾಗಿ ಕಾಣುವುದಕ್ಕೆ ಎರಡು ಕಾರಣಗಳಿವೆ: ಅದರ ಕೆಳಗೆ ಬಣ್ಣವಿಲ್ಲ, ಅದರ ಪಕ್ಕದಲ್ಲಿ ನೆರಳಿಲ್ಲ.

ಮೈಸೂರು ಶೈಲಿಯ ಚಿತ್ರಗಳಲ್ಲಿ ದೇವತೆಯ ಒಡವೆ, ಸೀರೆಯ ಅಂಚು, ಮಂಟಪದ ಕಮಾನುಗಳಿಗೆ ಸಫೇದವೆಂಬ ಬಿಳಿ ಪುಡಿ ಮತ್ತು ಅಂಟು ಬೆರೆಸಿದ ಲೇಪದಿಂದ ಸಣ್ಣ ಉಬ್ಬು ಕೊಟ್ಟು ಅದರ ಮೇಲೆ ಚಿನ್ನದ ರೇಕನ್ನು ಅಂಟಿಸುತ್ತಾರೆ. ತಂಜಾವೂರಿನ ಚಿತ್ರಗಳ ಉಬ್ಬು ಎದ್ದು ಕಾಣುವಂಥದು, ನಮ್ಮದು ಸೂಜಿಯ ಗೆರೆಯಷ್ಟು ಮೆಲುವಾದದ್ದು. ಅಲ್ಲಿ ಚಿನ್ನ ಚಿನ್ನವಾಗಿ ಕಾಣುವುದು ಅದರ ಸುತ್ತ ಚಿನ್ನವಲ್ಲದ ಜಾಗ ಧಾರಾಳವಾಗಿ ಇರುವುದರಿಂದ. ಯುರೋಪಿನ ಹಳೆಯ ಚೌಕಟ್ಟುಗಳಲ್ಲಿ ಚಿನ್ನದ ರೇಕಿನ ಕೆಳಗೆ ಕೆಂಪು ಜೇಡಿಯ ಲೇಪವಿರುತ್ತದೆ. ಅಂಚುಗಳು ಸವೆದಲ್ಲೆಲ್ಲ ಆ ಕೆಂಪು ಇಣುಕಿ ಚಿನ್ನಕ್ಕೆ ಕಾವು ಕೊಡುತ್ತದೆ. ನಮ್ಮಲ್ಲೇ ಕೊಪ್ಪಳ ಜಿಲ್ಲೆಯ ಕಿನ್ನಾಳದ ಬೊಂಬೆಗಳನ್ನು ನೋಡಿ: ತವರದಿಂದ ಮಾಡಿದ ಹೊಳಪಿನ ಲೇಪವನ್ನು ಒಡವೆಗಳಿಗೆ ಬಳಸಿ, ಉಳಿದ ಮೈಯನ್ನು ಗಾಢ ಬಣ್ಣಗಳಿಗೆ ಬಿಡುತ್ತಾರೆ.

ತಮ್ಮ ಚೌಕಟ್ಟನ್ನು ಪೂರ್ತಿ ಕೆರೆಯುವ ಅಗತ್ಯವಿಲ್ಲ. ಈಗಿರುವ ಚಿನ್ನವನ್ನು 400ನೇ ನಂಬರಿನಿಂದ ತೆಳುವಾಗಿ ಉಜ್ಜಿ, ಇಟ್ಟಿಗೆ ಕೆಂಪಿನ ಮ್ಯಾಟ್ ಬಣ್ಣವನ್ನು ತಗ್ಗುಗಳಿಗೂ ಇಳಿಯುವಂತೆ ಬಳಿಯಿರಿ. ಅದು ಒಣಗಿದ ಮೇಲೆ ಬ್ರಷ್ಷಿನ ತುದಿಗೆ ಚಿನ್ನದ ಬಣ್ಣ ತಾಗಿಸಿ, ಹಳೆಯ ಕಾಗದದ ಮೇಲೆ ಒರೆಸಿ ಬಹುತೇಕ ಒಣಗಿಸಿಕೊಂಡು, ಉಬ್ಬಿದ ಜಾಗಗಳನ್ನಷ್ಟೇ ಸವರುತ್ತಾ ಹೋಗಿ. ಹೂವಿನ ನೆತ್ತಿ, ಎಲೆಯ ಬೆನ್ನು, ಬಳ್ಳಿಯ ತಿರುವು ಇಷ್ಟಕ್ಕೇ ಚಿನ್ನ. ಕೊನೆಯಲ್ಲಿ ಕಡುಗಂದು ಬಣ್ಣವನ್ನು ತುಂಬಾ ನೀರಾಗಿ ಕಲಸಿ ಎಲ್ಲ ಕಡೆ ಹರಿಯಬಿಟ್ಟು, ಒಂದು ನಿಮಿಷದೊಳಗೆ ಬಟ್ಟೆಯಿಂದ ಒರೆಸಿದರೆ ತಗ್ಗುಗಳಲ್ಲಿ ಉಳಿಯುವ ಕಂದು ನೆರಳಾಗುತ್ತದೆ. ಕೆಳಗಿನದು ಥಿನ್ನರಿನಲ್ಲಿ ಕರಗುವ ಬಣ್ಣವಾದರೆ ಮೇಲಿನದು ನೀರಿನದಾಗಿರಲಿ. ಎರಡೂ ಥಿನ್ನರಿನವಾದರೆ ಗೇಟುಗ್ರಿಲ್ಲು ಅವರು ಹೇಳಿದ ಕೆನೆ ಕಲಕುವ ಕಥೆ ಇಲ್ಲಿಯೂ ಆಗುತ್ತದೆ.

ಚಿನ್ನದ ಬಣ್ಣವನ್ನು ಕೊಳ್ಳುವಾಗ ಡಬ್ಬಿಯ ಮೇಲಿನ ಬರಹವನ್ನು ಓದಿ. ಕಂಚಿನ ಪುಡಿ ಎಂದು ಮಾರುವುದು ತಾಮ್ರ ಮತ್ತು ಸತುವಿನ ಮಿಶ್ರಣ. ಹಚ್ಚಿದ ದಿನ ಅದರಷ್ಟು ಚೆಂದ ಬೇರೊಂದಿಲ್ಲ, ಆದರೆ ಗಾಳಿ, ಬೆವರು, ಹುಳಿ ತಾಗಿದಂತೆ ಕಂದಿ ಹಸಿರಿಗೆ ತಿರುಗುತ್ತದೆ. ಇನ್ನೊಂದು ಬಗೆಯದು ಅಭ್ರಕದ ಚೂರುಗಳಿಗೆ ಟೈಟಾನಿಯಂ ಮತ್ತು ಕಬ್ಬಿಣದ ಆಕ್ಸೈಡಿನ ಲೇಪ ಕೊಟ್ಟು ಮಾಡಿದ್ದು. ಅದರಲ್ಲಿ ಲೋಹವೇ ಇಲ್ಲ, ಆದ್ದರಿಂದ ಕಂದುವುದೂ ಇಲ್ಲ. ಅಭ್ರಕವನ್ನು ನಮ್ಮ ಹಿರಿಯರು ಕಾಗೆಬಂಗಾರವೆಂದು ಹಂಗಿಸಿದರು. ಗೋಡೆಯ ಮೇಲೆ ಮಾತ್ರ ಆ ಕಾಗೆಯದೇ ಹೆಚ್ಚು ಬಾಳಿಕೆ. ಯಾವುದನ್ನೇ ಬಳಸಿದರೂ ಹಣ್ಣಿನ ಬುಟ್ಟಿ, ತಟ್ಟೆ, ಬಟ್ಟಲುಗಳ ಒಳಮೈಗೆ ಬಳಿಯಬೇಡಿ.

ಉತ್ತರ: ಗೇಟುಗ್ರಿಲ್ಲು

ಸಫೇದ ಅವರ ಮಾತನ್ನು ಒಪ್ಪುತ್ತೇನೆ, ಸಣ್ಣ ತಕರಾರೊಂದನ್ನು ಬಿಟ್ಟು. ಹಿಂದಿನ ಕಂದು ಬಣ್ಣ ಮೇಣದ ಪಾಲಿಶ್ ಆಗಿದ್ದರೆ ಅದರ ಮೇಲೆ ಎಷ್ಟು ಚೆಂದದ ಕೆಂಪು ಬಳಿದರೂ ಆರು ತಿಂಗಳಲ್ಲಿ ಹಪ್ಪಳದಂತೆ ಏಳುತ್ತದೆ. ಚೌಕಟ್ಟಿನ ಹಿಂಬದಿಯಲ್ಲಿ, ಚಿನ್ನ ತಾಗದ ಕಡೆ, ಒಂದು ಹನಿ ನೀರು ಬಿಟ್ಟು ನೋಡಿ. ಮುತ್ತಿನಂತೆ ನಿಂತರೆ ಮೇಣವಿರಬಹುದು; ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಎರಡು ಮೂರು ಸಲ ಒರೆಸಬೇಕಾಗುತ್ತದೆ. ಅಲ್ಲೇ ಬ್ಲೇಡಿನಿಂದ ಒಂದು ಇಂಚು ಕೆರೆದೂ ನೋಡಿ. ಒಳಗೆ ತೇಗ ಅಥವಾ ಬೀಟೆ ಕಂಡರೆ ಬಣ್ಣದ ಯೋಚನೆಯನ್ನೇ ಬಿಟ್ಟು ಎಲ್ಲವನ್ನೂ ಕೆರೆಸಿ, ಬಡಗಿಯಿಂದ ಅರಗಿನ ಸ್ಪಿರಿಟ್ ಪಾಲಿಶ್ ಮಾಡಿಸಿ.

ಗಾಜಿಗೆ ಬಣ್ಣ ತಾಗದಿರಲು ಹಳೆಯ ವಿಸಿಟಿಂಗ್ ಕಾರ್ಡುಗಳನ್ನು ಗಾಜು ಮತ್ತು ಚೌಕಟ್ಟಿನ ನಡುವಿನ ಸಂದಿಯಲ್ಲಿ ಒಂದರ ಮೇಲೊಂದು ಅಂಚು ಬರುವಂತೆ ಸಿಕ್ಕಿಸಿ. ಅಂಟುಪಟ್ಟಿಗಿಂತ ಇದು ನೇರವಾಗಿ ಕೂರುತ್ತದೆ. ಸ್ಪ್ರೇ ಮಾಡುವವರಾದರೆ ಒಳಗಿನ ಗುಂಡು ಸದ್ದು ಮಾಡತೊಡಗಿದ ಮೇಲೂ ಎರಡು ನಿಮಿಷ ಡಬ್ಬಿಯನ್ನು ಕುಲುಕಿ, ಒಂದು ಗೇಣಿಗಿಂತ ತುಸು ಹೆಚ್ಚು ದೂರದಿಂದ ಮೂರು ತೆಳು ಸುತ್ತು ಹೊಡೆಯಿರಿ. ಒಂದೇ ಸಲಕ್ಕೆ ತೋಯಿಸಿದರೆ ಚಕ್ಕೆಗಳು ಹರಿದು ತಳದಲ್ಲಿ ಗಡ್ಡ ಕಟ್ಟುತ್ತವೆ.

ಬಾಡಿಗೆಮನೆ

ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಕ್ಷಮೆಯಿರಲಿ. ಬಿಸಿಲಿಗಾಗಿ ಕಾಯಬೇಕಾಯಿತು.

ಹೂದಾನಿಗೆ ಅಯಸ್ಕಾಂತ ಅಂಟಲಿಲ್ಲ, ಸ್ಪಿರಿಟ್ಟಿಗೆ ಕಪ್ಪು ಬಿಡಲಿಲ್ಲ, ಹೂಬಳ್ಳಿ ಬೆರಳಿಗೆ ಸಿಗಲೂ ಇಲ್ಲ. ಎರಡು ಸಂಜೆ ಬರೀ ಬಟ್ಟೆಯಿಂದ ಒರೆಸಿದ ಮೇಲೆ ಒಂದೊಂದೇ ಎಸಳು ಬೆಳ್ಳಗಾಗುತ್ತಾ ಬಂದಾಗ ನನ್ನ ಅತ್ತೆಯವರು ಅಡುಗೆ ಬಿಟ್ಟು ಬಂದು ಪಕ್ಕದಲ್ಲಿ ಕೂತರು. ಅದಕ್ಕೆ ನಾನು ಕೊಟ್ಟದ್ದು 300 ರೂಪಾಯಿ. ಸ್ಪ್ರೇ ಡಬ್ಬಿ ಅದರ ಹತ್ತಿರ ಇತ್ತೆಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕನ್ನಡಿಯ ಚೌಕಟ್ಟಿನಲ್ಲಿ ಹಗುರ ಮರದ ಪಟ್ಟಿಯ ಮೇಲೆ ಬಿಳಿ ಗಾರೆಯ ಉಬ್ಬು ಕೆಲಸವಿತ್ತು, ಬೀಟೆಯಲ್ಲ. ಸ್ವಲ್ಪ ನಿರಾಸೆ, ಸ್ವಲ್ಪ ನೆಮ್ಮದಿ. ಇಟ್ಟಿಗೆ ಕೆಂಪು ಬಳಿದ ದಿನ ಮನೆಯವರೆಲ್ಲ ನಕ್ಕರು. ಒಣ ಬ್ರಷ್ಷಿನ ಚಿನ್ನ ಬಂದ ಮೇಲೆ ನಗು ನಿಂತಿತು, ಕಂದು ನೀರು ಹರಿಸಿ ಒರೆಸಿದ ಮೇಲೆ ಬಂದ ನೆಂಟರು ಇದು ಯಾರ ಮನೆತನದ್ದೆಂದು ಕೇಳಿದರು. ದೀಪದ ಕಂಬದ ಬೆಳ್ಳಿ ಮರಳಿ ಬಂದಿದೆ, ವಾರ್ನಿಶ್ ಡಬ್ಬಿಯನ್ನು ಅಟ್ಟಕ್ಕೆ ಹಾಕಿದ್ದೇನೆ. ಗಡಿಯಾರದ ಬೆನ್ನಿನಲ್ಲಿ 5 ಎಂಬ ಅಂಕಿಯೇ ಇತ್ತು. ಎದ್ದ ಬಣ್ಣವನ್ನೆಲ್ಲ ಕಿತ್ತು, ಮೂಲದ ಬಿಳಿಯಲ್ಲಿಯೇ ಅಡುಗೆಮನೆಗೆ ತೂಗುಹಾಕಿದೆ.

ಒಂದು ಕೊನೆಯ ಅನುಮಾನ. ಕನ್ನಡಿಯ ಕೆಳ ಅಂಚಿನಲ್ಲಿ ರಸ ಹೋಗಿ ಕಪ್ಪು ಚುಕ್ಕೆಗಳು ಮೂಡಿವೆ. ಉಳಿದಿರುವ ಬೆಳ್ಳಿ ಬಣ್ಣವನ್ನು ಗಾಜಿನ ಹಿಂದೆ ಬಳಿದರೆ ಅವು ಮುಚ್ಚಬಹುದೇ?

ಉತ್ತರ: ಗೇಟುಗ್ರಿಲ್ಲು

ಮುಚ್ಚುವುದಿಲ್ಲ. ಗಾಜಿನ ಹಿಂದೆ ಬಳಿದ ಬೆಳ್ಳಿ ಬಣ್ಣ ಮುಂದಿನಿಂದ ಬೂದು ತೇಪೆಯಾಗಿ ಕಾಣುತ್ತದೆಯೇ ಹೊರತು ಮುಖ ತೋರಿಸುವುದಿಲ್ಲ. ಜೊತೆಗೆ ಅದರ ದ್ರಾವಕ ಹಿಂಬದಿಯ ರಕ್ಷಣೆಯ ಬಣ್ಣವನ್ನು ಕರಗಿಸಿ ಚುಕ್ಕೆಗಳನ್ನು ಇನ್ನಷ್ಟು ಹರಡಬಹುದು. ಗಾಜಿನಂಗಡಿಯಲ್ಲಿ ಅದೇ ಅಳತೆಗೆ ಹೊಸ ಕನ್ನಡಿ ಕತ್ತರಿಸಿ ಕೊಡುತ್ತಾರೆ. ಅಳತೆಯನ್ನು ಚೌಕಟ್ಟಿನ ಮುಂಭಾಗದಿಂದ ತೆಗೆಯದೆ ಹಿಂಬದಿಯಲ್ಲಿ ಗಾಜು ಕೂರುವ ತೋಡಿನಿಂದ ತೆಗೆಯಿರಿ. ಹಳೆಯ ಗಾಜನ್ನು ಬಿಚ್ಚುವಾಗ ಚೌಕಟ್ಟನ್ನು ಕಂಬಳಿಯ ಮೇಲೆ ಬೋರಲಾಗಿ ಮಲಗಿಸಿ. ಗಾರೆಯ ಹೂವು ಒಂದು ಸಲ ಉದುರಿದರೆ ಸಫೇದ ಅವರನ್ನೇ ಮೈಸೂರಿನಿಂದ ಕರೆಸಬೇಕಾದೀತು.